ಚೆಂಡೆ ಮುಂದೆ, ವೇಷ ಹಿಂದೆ

ಮಂಗಳೂರಿನ ಕದ್ರಿಯ ನಮ್ಮ ಮನೆಯಲ್ಲಿ ಟಿವಿಯ ಬದಿಗೆ ಒಂದು ಸಪೂರ ಕಂಪ್ಯೂಟರ್ ಇದೆ. 2013ರ ಕೋರ್ ಐ3, ಅದರಲ್ಲಿ ವಿಡಿಯೊ ನೋಡಲು ಕೋಡಿ ಎಂಬ ಸಾಫ್ಟ್‌ವೇರ್. ಫುಲ್ ಎಚ್‌ಡಿ ಇರುವಷ್ಟು ಕಾಲ ತಕರಾರಿಲ್ಲದೆ ನಡೆಯಿತು. 4ಕೆ ಟಿವಿ ತಂದ ಮೇಲೆ ಅಳಿಯ ಮೊಬೈಲಿನಲ್ಲಿ ಸೆಕೆಂಡಿಗೆ 60 ಫ್ರೇಮಿನಂತೆ ಹಿಡಿದ ಯಕ್ಷಗಾನ ಬಯಲಾಟದ ವಿಡಿಯೊ ಹಾಕಿದೆವು. ದೊಂದಿಗೆ ರಾಳದ ಹುಡಿ ಬಿತ್ತು, ಬೆಂಕಿ ಎದ್ದಿತು, ಬಣ್ಣದ ವೇಷ ಅಲ್ಲೇ ಕಲ್ಲಾಯಿತು. ಶಬ್ದ ಮಾತ್ರ ಓಡುತ್ತಲೇ ಇತ್ತು.

"ಚೆಂಡೆ ಮುಂದೆ ಹೋಯ್ತಲ್ಲ, ವೇಷ ಎಲ್ಲಿ ಉಳೀತು?" ಅಮ್ಮ ಕೇಳಿದರು.

ಪರಿಚಯದ ಅಂಗಡಿಯವರು "ರ‍್ಯಾಮ್ ಹಾಕಿ ಮಾರಾಯ್ರೆ, ಸರಿಯಾಗ್ತದೆ" ಅಂದರು. ಹಾಕಿಸಿದೆ. ಎಸ್‌ಎಸ್‌ಡಿಯನ್ನೂ ಹಾಕಿಸಿದೆ. ಕಂಪ್ಯೂಟರ್ ಬೇಗ ಏಳತೊಡಗಿತು, ವೇಷ ಮಾತ್ರ ನಿಂತಲ್ಲೇ. ಆಮೇಲೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಸಿಪಿಯು 100ಕ್ಕೆ ಏರಿತ್ತು, ಗ್ರಾಫಿಕ್ಸ್ ಭಾಗ ವಿಡಿಯೊ ಬಿಡಿಸುತ್ತಿದೆಯೇ ಎಂದು ತೋರಿಸುವ ವಿಡಿಯೊ ಡಿಕೋಡ್ ಗೆರೆ ನೆಲದಲ್ಲಿ ಮಲಗಿತ್ತು. ಮೊದಲೇ ಇದನ್ನು ನೋಡಿದ್ದರೆ ಎರಡು ಖರ್ಚು ಉಳಿಯುತ್ತಿತ್ತು. ಮೊಬೈಲಿನ ಫೈಲು ಎಚ್‌ಇವಿಸಿ, ಅಂದರೆ ವಿಡಿಯೊವನ್ನು ಒತ್ತಿ ಚಿಕ್ಕದು ಮಾಡುವ ಒಂದು ಬಗೆ. ಆ ಮಾನದಂಡ ಅಂಗೀಕಾರವಾದದ್ದೇ 2013ರಲ್ಲಿ, ಅದೇ ವರ್ಷದ ನನ್ನ ಚಿಪ್ಪಿನಲ್ಲಿ ಅದನ್ನು ಬಿಡಿಸುವ ಪ್ರತ್ಯೇಕ ಭಾಗ ಎಲ್ಲಿಂದ ಬರಬೇಕು?

ಇಡೀ ಕಂಪ್ಯೂಟರ್ ಬದಲಿಸುವ ಬದಲು ಫ್ಯಾನಿಲ್ಲದ ಜಿಟಿ 1030 ಗ್ರಾಫಿಕ್ಸ್ ಕಾರ್ಡ್ ತಂದೆ. ಎಚ್‌ಇವಿಸಿ 10 ಬಿಟ್, ಯೂಟ್ಯೂಬ್ ಬಳಸುವ ವಿಪಿ9 ಎರಡನ್ನೂ ಬಿಡಿಸುತ್ತದೆ, 30 ವಾಟ್ ಸಾಕು, ಬೇರೆ ಪವರ್ ವಯರ್ ಬೇಡ. ಸಪೂರ ಪೆಟ್ಟಿಗೆಗೆ ಗಿಡ್ಡ ಬ್ರಾಕೆಟ್ ಬೇಕು, ಕೇಳಿ ತೆಗೆದುಕೊಳ್ಳಿ.

ಪೆಟ್ಟಿಗೆ ಬಿಚ್ಚಿದಾಗ ನಮ್ಮೂರ ಉಪ್ಪುಗಾಳಿಯ ಕೆಲಸ ಕಂಡಿತು: ಸ್ಕ್ರೂಗಳಿಗೆ ತುಕ್ಕು, ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿ ಸುಣ್ಣದಂತೆ. ಅದನ್ನು ಒರೆಸಿ ಹೊಸದು ಹಚ್ಚಿದೆ. ಮತ್ತೆ ಕೂಡಿಸಿ ಆನ್ ಮಾಡಿದರೆ ಬರೀ ಬೀಪ್. ರ‍್ಯಾಮಿನ ಕಾಲುಗಳನ್ನು ಮಗಳ ರಬ್ಬರಿನಿಂದ ಉಜ್ಜಿ ಕೂರಿಸಿದ ಮೇಲೆ ಎದ್ದಿತು.

ಇಷ್ಟಾದರೂ ಟಿವಿ 30 ಹರ್ಟ್ಸ್‌ನಲ್ಲೇ, ಅಂದರೆ ಸೆಕೆಂಡಿಗೆ 30 ಚಿತ್ರ ಮಾತ್ರ. ಕಾರ್ಡಿನದ್ದು ಎಚ್‌ಡಿಎಂಐ 2.0, ಆದರೆ ಟಿವಿಯಲ್ಲಿ ಆ ಪೋರ್ಟಿನ ಹೆಚ್ಚಿನ ವೇಗದ ಸೆಟ್ಟಿಂಗ್ ಆಫ್ ಆಗಿತ್ತು. ಆನ್ ಮಾಡಿದೆ, 60 ಬಂತು, ಜೊತೆಗೆ ಆಗಾಗ ಪರದೆ ಕಪ್ಪಾಗುವ ಹೊಸ ರೋಗವೂ ಬಂತು. ಕಾರ್ಡನ್ನೇ ವಾಪಸು ಕೊಡಲು ಹೊರಟಿದ್ದೆ. ದೋಷ ಇದ್ದದ್ದು ಹಳೇ ಕೇಬಲಿನಲ್ಲಿ. 4ಕೆ 60ಕ್ಕೆ ಸೆಕೆಂಡಿಗೆ 18 ಗಿಗಾಬಿಟ್ ಹಾದಿ ಬೇಕು, ಆ ಕೇಬಲ್ ಎಚ್‌ಡಿಎಂಐ 1.4ರ ಕಾಲದ್ದು, 10.2ರ ಲೆಕ್ಕ. ಪ್ರೀಮಿಯಂ ಹೈ ಸ್ಪೀಡ್ ಎಂದು ಬರೆದ ಎರಡು ಮೀಟರಿನ ಕೇಬಲ್ ಹಾಕಿದ ಮೇಲೆ ಪರದೆ ಮಿಸುಕಲಿಲ್ಲ.

ಸಿನಿಮಾಗಳಿಗಾಗಿ ಕೋಡಿಯಲ್ಲಿ ಟಿವಿಯ ರಿಫ್ರೆಶ್ ರೇಟನ್ನು ವಿಡಿಯೊದ ಫ್ರೇಮುಗಳಿಗೆ ಹೊಂದಿಸುವ ಆಯ್ಕೆಯನ್ನೂ ಆನ್ ಮಾಡಿದೆ. ವಿಡಿಯೊ ಓಡುವಾಗ ಓ ಕೀ ಒತ್ತಿದರೆ ಡಿಕೋಡರ್ ಹಾರ್ಡ್‌ವೇರೋ ಅಲ್ಲವೋ ತೋರಿಸುತ್ತದೆ.

ಅದೇ ಬಯಲಾಟ ಮತ್ತೆ ಹಾಕಿದೆ. ಮೊದಲಿನ ಟಿವಿಯಲ್ಲಿ ಬಿಳಿ ಗೆರೆಯಂತೆ ಕಾಣುತ್ತಿದ್ದ ವೇಷದ ಮುಖದ ಅಕ್ಕಿಹಿಟ್ಟಿನ ಚುಕ್ಕೆಗಳು, ಅಂದರೆ ಚಿಟ್ಟಿಗಳು, ಈಗ ಒಂದೊಂದೇ ಎಣಿಸುವ ಹಾಗೆ. ಅಮ್ಮ ಕನ್ನಡಕ ಸರಿಮಾಡಿಕೊಂಡು, "ಎಡಗೆನ್ನೆಯಲ್ಲಿ ಎರಡು ಉದುರಿದೆ ನೋಡು" ಅಂದರು.

ಈ ಕಾರ್ಡ್ ಎವಿ1 ಎಂಬ ಇನ್ನೂ ಹೊಸ ಬಗೆಯ ವಿಡಿಯೊ ಬಿಡಿಸುವುದಿಲ್ಲ. ಹಾಗಾಗಿ ಯೂಟ್ಯೂಬಿನಲ್ಲಿ ಆ ಬಗೆಯ 4ಕೆ ಬಂದರೆ ಹಳೇ ಐ3 ಈಗಲೂ ಏದುಸಿರು ಬಿಡುತ್ತದೆ. ಸದ್ಯಕ್ಕೆ ವಿಪಿ9 ಬರುವ ಹಾಗೆ ಬ್ರೌಸರಿನಲ್ಲಿ ಒಂದು ಎಕ್ಸ್‌ಟೆನ್ಷನ್ ಹಾಕಿಟ್ಟಿದ್ದೇನೆ.