ಮೇ ತಿಂಗಳ ಸೆಕೆಗೂ ಜಗ್ಗದ ಮದರ್‌ಬೋರ್ಡ್: ಓವರ್‌ಕ್ಲಾಕಿಂಗ್‌ಗೆ ಆರಿಸುವುದು ಹೇಗೆ?

ಕಳೆದ ಡಿಸೆಂಬರ್‌ನಲ್ಲಿ ಅಕ್ಕನ ಮಗ ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಕಂಪ್ಯೂಟರ್ ಅಂಗಡಿಯೊಳಗಿಂದ ಫೋನ್ ಮಾಡಿದ. “ಮಾವ, ಎರಡು ಬೋರ್ಡ್ ಮುಂದಿಟ್ಟಿದ್ದಾರೆ. ಒಂದರಲ್ಲಿ 12 ಫೇಸ್, ಇನ್ನೊಂದರಲ್ಲಿ 16. ಆರು ಸಾವಿರ ಹೆಚ್ಚು. ಯಾವುದು ತಗೊಳ್ಳಲಿ?” ಫೇಸ್ ಅಂದರೆ ಪ್ರೊಸೆಸರ್‌ಗೆ ಕರೆಂಟ್ ಒದಗಿಸುವ ಕೆಲಸವನ್ನು ಹಂಚಿಕೊಳ್ಳುವ ಒಂದೊಂದು ಸರ್ಕ್ಯೂಟ್.

“ಮೊದಲು ಹೊರಗೆ ಬಂದು ಒಂದು ಚಾ ಕುಡಿ” ಅಂದೆ. ಆ ಕೌಂಟರ್ ಮುಂದೆ, ಹಿಂದಿನವನ ಮೊಣಕೈ ಬೆನ್ನಿಗೆ ತಾಗುತ್ತಿರುವಾಗ, ಯಾರ ತಲೆಯೂ ಓಡುವುದಿಲ್ಲ.

ಅವನ ಉದ್ದೇಶ ಓವರ್‌ಕ್ಲಾಕಿಂಗ್, ಅಂದರೆ ಪ್ರೊಸೆಸರನ್ನು ಕಂಪನಿ ನಿಗದಿ ಮಾಡಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು. ಅವನು ಓದಿಕೊಂಡು ಹೋಗಿದ್ದ ವಿಮರ್ಶೆಗಳೆಲ್ಲ ಎಸಿ ಕೋಣೆಯಲ್ಲಿ, 21–22 ಡಿಗ್ರಿಯಲ್ಲಿ ಮಾಡಿದವು. ದಹಿಸರ್‌ನ ನಮ್ಮ ಮನೆಯಲ್ಲಿ ಮೇ ತಿಂಗಳ ಮಧ್ಯಾಹ್ನ ಫ್ಯಾನ್ ಕೆಳಗೇ 33 ಇರುತ್ತದೆ. ಅಲ್ಲಿ 80 ಡಿಗ್ರಿ ತೋರಿಸಿದ ಬೋರ್ಡ್ ಇಲ್ಲಿ 90 ದಾಟುತ್ತದೆ. ಹಾಗಾಗಿ ವಿಮರ್ಶೆಯಲ್ಲಿ ಯಾವುದು ನೂರು ಮೆಗಾಹರ್ಟ್ಸ್ ಹೆಚ್ಚು ಏರಿತು ಎಂಬುದಕ್ಕಿಂತ, ಯಾವುದು ನಮ್ಮ ಸೆಕೆಯಲ್ಲಿ ವೋಲ್ಟೇಜ್ ಬಿಡದೆ ನಿಲ್ಲುತ್ತದೆ ಎಂಬುದನ್ನು ನೋಡಬೇಕು.

ಮೊದಲು ಚಿಪ್‌ಸೆಟ್

ಬೋರ್ಡ್ ಏನೇನು ಮಾಡಲು ಬಿಡುತ್ತದೆ ಎಂಬುದನ್ನು ತೀರ್ಮಾನಿಸುವ ಚಿಪ್ ಇದು. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ದಂಡ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ‘ಕೆ’ ಇರುವ ಪ್ರೊಸೆಸರ್‌ಗೆ ಝಡ್690, ಝಡ್790ರಂಥ ಝಡ್ ಸಾಲಿನ ಬೋರ್ಡೇ ಬೇಕು. ಬಿ760ರಲ್ಲಿ ರ್‍ಯಾಮ್ ವೇಗ ಏರಿಸಬಹುದು, ಪ್ರೊಸೆಸರ್‌ನ ವೇಗ ನಿರ್ಧರಿಸುವ ಗುಣಕವನ್ನು (ಮಲ್ಟಿಪ್ಲಯರ್) ಏರಿಸಲು ಬಿಡುವುದಿಲ್ಲ. ಎಎಂಡಿ ಇಷ್ಟು ಬಿಗಿ ಮಾಡಿಲ್ಲ. ಬಿ550, ಬಿ650 ಸಾಕು. ಎ520, ಎ620 ಮಾತ್ರ ಬೇಡ.

ಆಮೇಲೆ ವಿಆರ್‌ಎಂ

ಪವರ್ ಸಪ್ಲೈಯಿಂದ ಬರುವ 12 ವೋಲ್ಟನ್ನು ಪ್ರೊಸೆಸರ್‌ಗೆ ಬೇಕಾದ ಒಂದೂಕಾಲು ವೋಲ್ಟಿನ ಆಸುಪಾಸಿಗೆ ಇಳಿಸುವ ಭಾಗವೇ ವಿಆರ್‌ಎಂ. ಹುಡುಗ ಕೊಳ್ಳಹೊರಟಿದ್ದ ಐ5-13600ಕೆ ಪೂರ್ತಿ ದುಡಿದರೆ ಸುಮಾರು 180 ವಾಟ್ ಎಳೆಯುತ್ತದೆ. 1.25 ವೋಲ್ಟಿನಲ್ಲಿ ಅದು 144 ಆಂಪ್. 12 ಫೇಸ್ ಹಂಚಿಕೊಂಡರೆ ತಲಾ 12, ಆರೇ ಇದ್ದರೆ ತಲಾ 24. ಕರೆಂಟ್ ಇಮ್ಮಡಿಯಾದರೆ ಆ ಫೇಸಿನೊಳಗಿನ ರೋಧದಿಂದ ಹುಟ್ಟುವ ಬಿಸಿ ನಾಲ್ಕು ಪಟ್ಟಾಗುತ್ತದೆ. ಫೇಸ್ ಹೆಚ್ಚಿದ್ದಷ್ಟೂ ತಂಪು ಅನ್ನುವುದಕ್ಕೆ ಕಾರಣ ಇದು.

ಆದರೆ ಡಬ್ಬಿಯ ಮೇಲಿನ ‘16+1+1’ ನೋಡಿ ಮರುಳಾಗಬೇಡಿ. ಪ್ರೊಸೆಸರ್ ಕೋರ್‌ಗೆ ಸಲ್ಲುವುದು ಮೊದಲ ಅಂಕಿ ಮಾತ್ರ. ಅದರಲ್ಲೂ ಎಂಟು ಫೇಸುಗಳನ್ನು ಜೋಡಿ ಮಾಡಿ ಹದಿನಾರು ಎಂದು ಬರೆದಿರುವುದುಂಟು. ಜೋಡಿ ಮಾಡಿದ್ದೇ ತಪ್ಪಲ್ಲ, ಕರೆಂಟ್ ಹೇಗೂ ಹಂಚಿಹೋಗುತ್ತದೆ. ಕರೆಂಟ್ ಹೊರುವ ಒಂದೊಂದು ಪವರ್ ಸ್ಟೇಜ್ (ಫೇಸಿನ ಚಿಪ್) ಎಷ್ಟು ಆಂಪ್‌ನದ್ದು, 50ರದ್ದೋ 90ರದ್ದೋ, ಅದನ್ನು ಕೇಳಿ. ಅಂಗಡಿಯವನಿಗೆ ಗೊತ್ತಿಲ್ಲದಿದ್ದರೆ ಕಂಪನಿಯ ಸೈಟಿನಲ್ಲಿ ಸಾಮಾನ್ಯವಾಗಿ ಸಿಗುತ್ತದೆ.

ಇನ್ನು ವಿಆರ್‌ಎಂ ಬಿಸಿಯನ್ನು ಹೊರಹಾಕುವ ಲೋಹದ ಕವಚ, ಹೀಟ್‌ಸಿಂಕ್. ಇದರಲ್ಲಿ ನಾನೇ ಬೇಸ್ತು ಬಿದ್ದವನು. ಕೆಲವು ವರ್ಷಗಳ ಹಿಂದೆ ರೈಜನ್ 9ಕ್ಕೆ ದಪ್ಪ ಕವಚದ ಬೋರ್ಡೊಂದನ್ನು ಅಗ್ಗಕ್ಕೆ ತಂದೆ. ಜನವರಿಯಲ್ಲಿ ಚೆನ್ನಾಗಿಯೇ ಓಡಿತು. ಮೇ ತಿಂಗಳಲ್ಲಿ ವಿಡಿಯೊ ರೆಂಡರಿಂಗ್‌ಗೆ ಕೂರಿಸಿದರೆ ಹತ್ತೇ ನಿಮಿಷಕ್ಕೆ ವೇಗ ಅರ್ಧಕ್ಕಿಂತ ಕೆಳಗೆ ಕುಸಿಯತೊಡಗಿತು. ಪ್ರೊಸೆಸರ್ 75 ಡಿಗ್ರಿ, ವಿಆರ್‌ಎಂ 115. ಕವಚ ಬಿಚ್ಚಿ ನೋಡಿದರೆ ಮೇಲಿನದೆಲ್ಲ ಪ್ಲಾಸ್ಟಿಕ್, ಒಳಗೆ ಬೆರಳುದ್ದದ ಅಲ್ಯುಮಿನಿಯಂ ತುಂಡು. ಈಗ ಅಂಗಡಿಯಲ್ಲಿ ಬೋರ್ಡ್ ಕೈಗೆ ಕೊಟ್ಟರೆ ಮೊದಲು ಕವಚವನ್ನು ಉಗುರಿನಿಂದ ಕುಟ್ಟುತ್ತೇನೆ. ಟೊಕ್ ಟೊಕ್ ಎಂದರೆ ಪ್ಲಾಸ್ಟಿಕ್. ಗಾಳಿ ನುಗ್ಗುವಂತೆ ಸೀಳುಗಳಿವೆಯೇ, ಎರಡು ತುಂಡುಗಳ ನಡುವೆ ಹೀಟ್‌ಪೈಪ್ ಇದೆಯೇ ನೋಡುತ್ತೇನೆ. ಅಂಗಡಿಯವರು ನಗುತ್ತಾರೆ, ನಗಲಿ.

ಉಳಿದವು ಬೇಗ ಮುಗಿಯುತ್ತವೆ. ರ್‍ಯಾಮ್ ವೇಗವೇ ಮುಖ್ಯವಾದರೆ ನಾಲ್ಕು ಸ್ಲಾಟಿನದಕ್ಕಿಂತ ಎರಡು ಸ್ಲಾಟಿನ ಬೋರ್ಡ್ ಮೇಲು. ಬಯೋಸನ್ನು (ಬೋರ್ಡಿನ ಮೂಲ ತಂತ್ರಾಂಶ) ಪೆನ್‌ಡ್ರೈವ್‌ನಿಂದ ಮತ್ತೆ ತುಂಬುವ ಬಯೋಸ್ ಫ್ಲ್ಯಾಶ್‌ಬ್ಯಾಕ್ ಮತ್ತು ಸೆಟ್ಟಿಂಗ್‌ಗಳನ್ನು ಮೊದಲಿನಂತೆ ಮಾಡುವ ಕ್ಲಿಯರ್ ಸಿಮಾಸ್ ಗುಂಡಿ ಇರಲಿ. ಓವರ್‌ಕ್ಲಾಕ್ ಮಾಡುವವರ ಬೋರ್ಡ್ ಒಮ್ಮೆಯಾದರೂ ಬೂಟ್ ಆಗದೆ ಕೂರುತ್ತದೆ. ಅಂಗಡಿ ಬಿಡುವ ಮೊದಲು ಫೋನ್ ಟಾರ್ಚ್ ಹಾಕಿ ಸಾಕೆಟ್‌ನ ಪಿನ್ನುಗಳನ್ನು ನೋಡಿ. ಬಗ್ಗಿದ ಪಿನ್ನಿಗೆ ವಾರಂಟಿ ಸಿಗುವುದಿಲ್ಲ.

ಮನೆಯಲ್ಲಿ ಪರೀಕ್ಷೆ

ಎರಡು ಬೋರ್ಡ್ ಹೋಲಿಸುವುದಿದ್ದರೆ ಪ್ರೊಸೆಸರ್, ಕೂಲರ್, ರ್‍ಯಾಮ್, ಫ್ಯಾನ್ ವೇಗ ಎಲ್ಲ ಒಂದೇ ಇರಬೇಕು. ಗೋಡೆಗೆ ಒಂದು ಥರ್ಮಾಮೀಟರ್ ತೂಗುಹಾಕಿ. ಕೋಣೆಯ ತಾಪ ಬರೆಯದ ಅಳತೆ ಪ್ರಯೋಜನಕ್ಕಿಲ್ಲ.

ಮೊದಲು ಏನನ್ನೂ ಮುಟ್ಟದೆ, ಬಯೋಸ್ ‘ಆಟೊ’ದಲ್ಲೇ ಪ್ರೊಸೆಸರನ್ನು ದುಡಿಸುವ ಸಿನಿಬೆಂಚ್ ತಂತ್ರಾಂಶವನ್ನು ಅರ್ಧ ಗಂಟೆ ಓಡಿಸಿ, ಅಳತೆ ತೋರಿಸುವ ಎಚ್‌ಡಬ್ಲ್ಯುಇನ್ಫೋದಲ್ಲಿ ವೋಲ್ಟೇಜ್ ಮತ್ತು ವಾಟ್ ಬರೆದುಕೊಳ್ಳಿ. ಆಟೊ ಅಂದರೆ ಸುರಕ್ಷಿತ ಅಂದುಕೊಳ್ಳಬೇಡಿ. 2023ರಲ್ಲಿ ಕೆಲವು ರೈಜನ್ 7000 ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟ ಮೇಲೆ ಎಎಂಡಿ, ಎಸ್‌ಒಸಿ (ಪ್ರೊಸೆಸರಿನೊಳಗೆ ಮೆಮೊರಿ ನಿಯಂತ್ರಕ ಇರುವ ಭಾಗ) ವೋಲ್ಟೇಜನ್ನು 1.3ಕ್ಕೆ ಮಿತಿಗೊಳಿಸಬೇಕಾಯಿತು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಪ್ರೊಸೆಸರ್‌ಗಳು ಅತಿಯಾದ ವೋಲ್ಟೇಜಿನಿಂದ ಹಾಳಾಗುತ್ತಿದ್ದುದಕ್ಕೆ 2024ರ ಆಗಸ್ಟ್‌ನಲ್ಲಿ ಬಯೋಸ್ ಮೂಲಕ ಹೊಸ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳ ಸೂಚನೆಗಳು) ಬಂತು. ಆದ್ದರಿಂದ ಬಯೋಸ್ ಅಪ್‌ಡೇಟ್ ಮಾಡದೆ ಓವರ್‌ಕ್ಲಾಕ್‌ಗೆ ಕೈ ಹಾಕಬೇಡಿ.

ಮುಂದೆ ಮಲ್ಟಿಪ್ಲಯರನ್ನು ಒಂದೊಂದೇ ಅಂಕಿ ಏರಿಸಿ. ಮಷೀನ್ ತಡವರಿಸಿದಾಗ ಮಾತ್ರ ವೋಲ್ಟೇಜ್ ಕೂಡಿಸಿ, ಅದೂ 0.02ರಷ್ಟು. 1.25 ವೋಲ್ಟನ್ನು 1.35 ಮಾಡಿದರೆ ವೇಗ ಅಷ್ಟೇ ಇದ್ದರೂ ಶಕ್ತಿಯ ಖರ್ಚು ಸುಮಾರು ಶೇ 17 ಏರುತ್ತದೆ.

ಭಾರ ಬಿದ್ದಾಗ ವೋಲ್ಟೇಜ್ ಸ್ವಲ್ಪ ಬಾಗುವುದು ಸಹಜ. ಬಾಗನ್ನು ತಿದ್ದುವ ಸೌಲಭ್ಯಕ್ಕೆ ಲೋಡ್‌ಲೈನ್ ಕ್ಯಾಲಿಬ್ರೇಷನ್ ಎಂದು ಹೆಸರು. ಕಂಪನಿಗೊಂದು ಭಾಷೆ ಇದರದ್ದು: ಆಸುಸ್‌ನಲ್ಲಿ ಅಂಕಿ ಏರಿದಂತೆ ಬಿಗಿ, ಎಂಎಸ್‌ಐಯಲ್ಲಿ ಮೋಡ್ 1 ಎಲ್ಲಕ್ಕಿಂತ ಬಿಗಿ. ನಡುವಿನದನ್ನು ಇಡಿ. ಪೂರ್ತಿ ಬಿಗಿ ಮಾಡಿದರೆ ಭಾರ ಇಳಿದ ಕ್ಷಣ ವೋಲ್ಟೇಜ್ ಮೇಲೆ ಚಿಮ್ಮುತ್ತದೆ. ಅದು ಎಷ್ಟು ಚುರುಕೆಂದರೆ ಸಾಫ್ಟ್‌ವೇರ್ ಕಣ್ಣಿಗೆ ಬೀಳುವುದೇ ಇಲ್ಲ.

ಕೊನೆಗೆ ಪ್ರೊಸೆಸರನ್ನು ಪೂರ್ತಿ ದುಡಿಸುವ ಪ್ರೈಮ್95 ಅಥವಾ ಒಸಿಸಿಟಿ ಒಂದು ಗಂಟೆ, ರ್‍ಯಾಮ್‌ಗೆ ರಾತ್ರಿಯಿಡೀ ಮೆಮ್‌ಟೆಸ್ಟ್86. ನೀಲಿ ಪರದೆ ಬರಲಿಲ್ಲ ಎಂದ ಮಾತ್ರಕ್ಕೆ ಪಾಸಾಯಿತೆಂದಲ್ಲ. ಎಚ್‌ಡಬ್ಲ್ಯುಇನ್ಫೋದ ತಳದಲ್ಲಿ ‘ವ್ಹೀಯಾ’ (ವಿಂಡೋಸ್ ದಾಖಲಿಸುವ ಹಾರ್ಡ್‌ವೇರ್) ದೋಷಗಳ ಲೆಕ್ಕ ಸೊನ್ನೆಯೇ ಇರಬೇಕು. ಡಿಸೆಂಬರ್‌ನಲ್ಲಿ ಪರೀಕ್ಷಿಸಿದರೆ ವಿಆರ್‌ಎಂ ತಾಪಕ್ಕೆ ಇನ್ನೊಂದು ಏಳೆಂಟು ಡಿಗ್ರಿ ಕೂಡಿಸಿ. ನನ್ನ ಲೆಕ್ಕದಲ್ಲಿ ಮೊತ್ತ 90 ದಾಟಬಾರದು.

ಚಾ ಕುಡಿದು ಒಳಗೆ ಹೋದ ಹುಡುಗ 12 ಫೇಸಿನದನ್ನೇ ತಂದ. 16ರದ್ದು ಟೊಕ್ ಟೊಕ್ ಎಂದಿತಂತೆ. ಗ್ರ್ಯಾಂಟ್ ರೋಡಿನಿಂದ ಸ್ಲೋ ಲೋಕಲ್‌ನಲ್ಲಿ ಡಬ್ಬಿಯನ್ನು ಎದೆಗೊತ್ತಿಕೊಂಡೇ ಬಂದ. ಅವನ ನೋಟ್‌ಬುಕ್ಕಿನಲ್ಲಿ ಈಗ ಹೀಗಿದೆ: ಕೋಣೆ 26, ವೇಗ 5.3 ಗಿಗಾಹರ್ಟ್ಸ್, ವಿಆರ್‌ಎಂ 68. ಕೆಳಗೆ ‘ಮೇ’ ಎಂದು ಬರೆದು ಒಂದು ಸಾಲು ಖಾಲಿ ಬಿಟ್ಟಿದ್ದಾನೆ.