ದಾವಣಗೆರೆಯಲ್ಲಿ ನಾಲ್ವರು ಸೇರಿ ಒಂದು ಮನೆ ಮಾಡುವ ಬಗೆ

ಬೆಂಗಳೂರಿನಲ್ಲಿ ಕೋ-ಲಿವಿಂಗ್ ಎಂದರೆ ಕಂಪನಿಯೊಂದು ಮಂಚ, ಕಪಾಟು, ವೈಫೈ, ಶುಚಿತ್ವವನ್ನೆಲ್ಲ ತಾನೇ ನೋಡಿಕೊಂಡು ಕೋಣೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಮನೆ. ದಾವಣಗೆರೆಗೆ ಕೆಲಸಕ್ಕೆ ಬರುವ ಕಿರಿಯ ವೈದ್ಯರು, ಬ್ಯಾಂಕ್ ನೌಕರರು, ಉಪನ್ಯಾಸಕರು ಮೂರು-ನಾಲ್ಕು ಜನ ಸೇರಿ ಇಡೀ ಮನೆಯೊಂದನ್ನು ಹಿಡಿದು ಅದೇ ಅನುಕೂಲವನ್ನು ಪಡೆಯಬಹುದು. ಪಿ.ಜಿ.ಯಲ್ಲಿ ಸಿಗದ ಸ್ವಂತ ಅಡುಗೆಮನೆ ಮತ್ತು ಏಕಾಂತ ಇಲ್ಲಿ ದೊರೆಯುತ್ತವೆ. ಕಂಪನಿ ಹೊರುವ ಹೊಣೆ ಮಾತ್ರ ನಿಮ್ಮ ಮೇಲೆ ಬೀಳುತ್ತದೆ. ಆದ್ದರಿಂದ ಮನೆ ಹುಡುಕುವುದಕ್ಕೆ ಕೊಡುವಷ್ಟೇ ಗಮನವನ್ನು ಲೆಕ್ಕ ಮತ್ತು ಕರಾರುಗಳಿಗೂ ಕೊಡಬೇಕು.

ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಅಥವಾ ಬಾಪೂಜಿ ಆಸ್ಪತ್ರೆಯಲ್ಲಿ ದುಡಿಯುವವರು ಎಂ.ಸಿ.ಸಿ. ಬ್ಲಾಕ್, ಪಿ.ಜೆ. ಬಡಾವಣೆಗಳಲ್ಲಿಯೂ ಉಳಿದವರು ವಿದ್ಯಾನಗರ, ನಿಟುವಳ್ಳಿಗಳಲ್ಲಿಯೂ ವಿಚಾರಿಸಬಹುದು. ಅವಿವಾಹಿತರಿಗೆ ಮನೆ ಕೊಡಲು ಹಿಂಜರಿಯುವ ಮಾಲೀಕರಿಗೆ ಉದ್ಯೋಗದ ಗುರುತುಪತ್ರಗಳನ್ನು ಮೊದಲೇ ತೋರಿಸಿ, ಎಷ್ಟು ಜನ ಇರುತ್ತೀರಿ, ಯಾರಿಗೆ ರಾತ್ರಿ ಪಾಳಿ ಇದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು ಒಳ್ಳೆಯದು.

ಮನೆ ನೋಡುವಾಗ ಕೋಣೆಗಳಿಗಿಂತ ಮೊದಲು ಸಂಪ್ ನೋಡಿ. ನಗರದ ನೀರು ಸರಬರಾಜಿನ ಯೋಜನೆಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂದು ಲೆಕ್ಕ ಹಿಡಿಯುತ್ತಾರೆ. ಅದರಂತೆ ನಾಲ್ವರಿಗೆ 540 ಲೀಟರ್ ಬೇಕು. ನಲ್ಲಿಯಲ್ಲಿ ಮೂರು ದಿನಕ್ಕೊಮ್ಮೆ ನೀರು ಬರುವ ಬೀದಿಯಾದರೆ 1,600 ಲೀಟರಿಗಿಂತ ಹೆಚ್ಚು ಸಂಗ್ರಹವಿರಬೇಕು. ಬೇಸಿಗೆಯಲ್ಲಿ ಕೊಳವೆಬಾವಿಯ ನೀರು ನಿಲ್ಲುತ್ತದೆಯೇ ಎಂಬುದನ್ನು ಮಾಲೀಕರ ಬದಲು ಪಕ್ಕದ ಮನೆಯವರಲ್ಲಿ ಕೇಳಿ.

ಕರಾರುಪತ್ರದಲ್ಲಿ ಎಲ್ಲ ನಾಲ್ವರ ಹೆಸರೂ ಇರಲಿ. ಒಬ್ಬರ ಹೆಸರಿನಲ್ಲಷ್ಟೇ ಬರೆಸಿದರೆ, ಅವರಿಗೆ ವರ್ಗವಾದ ದಿನ ಉಳಿದವರು ಯಾವ ಹಕ್ಕೂ ಇಲ್ಲದೆ ಮಾಲೀಕರ ಮರ್ಜಿಯಲ್ಲಿ ಉಳಿಯಬೇಕಾಗುತ್ತದೆ. ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯವಾದುದರಿಂದ ಹನ್ನೊಂದು ತಿಂಗಳ ಕರಾರು ರೂಢಿಯಲ್ಲಿದೆ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಸಲ್ಲದೆನ್ನುತ್ತದೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರವಾದರೂ ಮಾಲೀಕರೊಡನೆ ಮಾತಾಡುವಾಗ ಒಂದು ಅಳತೆಯಾಗಿ ನೆರವಾಗುತ್ತದೆ. ಮುಂಗಡದಲ್ಲಿ ಯಾರದು ಎಷ್ಟು, ನಡುವೆ ಬಿಟ್ಟು ಹೋಗುವವರಿಗೆ ಅದನ್ನು ಹೊಸಬರು ಕೊಡಬೇಕೋ ಮಾಲೀಕರೋ, ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ ಎಂಬ ಮೂರೂ ಬರಹದಲ್ಲಿರಲಿ.

ಬಾಡಿಗೆಯನ್ನು ಸಮನಾಗಿ ಹಂಚುವುದು ಸುಲಭ, ಆದರೆ ನ್ಯಾಯವಲ್ಲ. 16,000 ರೂಪಾಯಿಯ ಮನೆಯಲ್ಲಿ ಸ್ನಾನಗೃಹ ಸೇರಿದ ದೊಡ್ಡ ಕೋಣೆಯವರು 5,000 ಕೊಟ್ಟು, ಚಿಕ್ಕ ಕೋಣೆಯವರು 3,000 ಕೊಟ್ಟು, ಉಳಿದಿಬ್ಬರು ತಲಾ 4,000 ಕೊಟ್ಟರೆ ಮುಂದಿನ ಅಸಮಾಧಾನಕ್ಕೆ ಎಡೆಯಿರುವುದಿಲ್ಲ. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವವರು ತಮ್ಮ ಪಾಲನ್ನು ತಮ್ಮ ಖಾತೆಯಿಂದಲೇ ಮಾಲೀಕರಿಗೆ ಕಳುಹಿಸಿ, ಪ್ರತ್ಯೇಕ ರಸೀದಿ ಪಡೆಯಬೇಕು. ಆ ಪಾಲು ವರ್ಷಕ್ಕೆ ಒಂದು ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ಸಂಖ್ಯೆಯೂ ಬೇಕಾಗುತ್ತದೆ.

ವಿದ್ಯುತ್ತಿನ ಲೆಕ್ಕದಲ್ಲಿ ಹಲವರು ಎಡವುತ್ತಾರೆ. ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ಸೌಲಭ್ಯ ಬಾಡಿಗೆದಾರರಿಗೂ ಇದೆ, ಆದರೆ ಅದು ತಲೆಗಲ್ಲ, ಆರ್.ಆರ್. ಸಂಖ್ಯೆಗೆ, ಅಂದರೆ ಬಿಲ್‌ನಲ್ಲಿರುವ ವಿದ್ಯುತ್ ಸಂಪರ್ಕದ ಸಂಖ್ಯೆಗೆ. ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಉಚಿತ ಮಿತಿಯನ್ನು ನಿಗದಿ ಮಾಡುತ್ತಾರೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಾಲ್ವರು ಗೀಸರ್, ಕೂಲರ್ ಬಳಸುವ ಮನೆ ಈ ಗೆರೆಯನ್ನು ಬೇಗ ದಾಟುತ್ತದೆ. ಹಾಗಾಗಿ ಬಿಲ್ ಸೊನ್ನೆ ಬರುವುದೆಂದು ನಂಬಿ ಆಯವ್ಯಯ ಹಾಕಬೇಡಿ. ಎ.ಸಿ. ಇರುವ ಕೋಣೆಗೆ ಉಪಮೀಟರ್ ಹಾಕಿಸಿದರೆ ವಾದವೇ ಹುಟ್ಟದು.

ಅಡುಗೆ, ಪಾತ್ರೆ, ಅತಿಥಿಗಳ ವಿಷಯವನ್ನು ಮೊದಲ ವಾರವೇ ಕುಳಿತು ಮಾತಾಡಿಕೊಳ್ಳಿ. ಮಾಂಸಾಹಾರ ಬೇಯಿಸಬಹುದೇ ಎಂಬುದನ್ನು ಮಾತ್ರ ಮುಂಗಡ ಕೊಡುವ ಮುನ್ನವೇ ಮಾಲೀಕರಲ್ಲಿ ಕೇಳಿ ತಿಳಿಯಿರಿ.

ಮನೆ ಬಿಡುವವರು ಆ ದಿನದ ಮೀಟರ್ ಓದಿನ ಚಿತ್ರ ತೆಗೆದಿಟ್ಟುಕೊಂಡು ತಮ್ಮ ಪಾಲಿನ ಬಿಲ್ ತೀರಿಸಬೇಕು. ಗೃಹಜ್ಯೋತಿಗೆ ಅವರ ಆಧಾರ್ ಜೋಡಿಸಿದ್ದರೆ, ಅದನ್ನು ಆ ಆರ್.ಆರ್. ಸಂಖ್ಯೆಯಿಂದ ಬಿಡಿಸಿಕೊಂಡೇ ಹೊರಡಬೇಕು.