ಗಡಿನಾಡಿನ ಶಾಲೆಯನ್ನು ಮತ್ತೆ ತೆರೆಯುವಾಗ

ಕೋವಿಡ್ ಕಾಲದಲ್ಲಿ ಕೇರಳದ ಶಾಲೆಗಳು 2021ರ ನವೆಂಬರ್ 1ರಂದು ಮರಳಿ ಬಾಗಿಲು ತೆರೆದಾಗ, ಮಕ್ಕಳು ತರಗತಿಯಿಂದ ದೂರವಾಗಿ ಒಂದೂವರೆ ವರ್ಷ ದಾಟಿತ್ತು. ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದಂತಹ ಕಡೆಯ ಕನ್ನಡ ಮಾಧ್ಯಮ ಶಾಲೆಗಳು ಇಂಥ ಸಂದರ್ಭ ಮತ್ತೆ ಬಂದರೆ ಹೇಗೆ ಸಿದ್ಧವಾಗಬೇಕೆಂಬುದನ್ನು ಆ ಅನುಭವದಿಂದ ಕಲಿಯಬಹುದು.

ಮೊದಲ ಕೆಲಸ ಬಾವಿ ಮತ್ತು ಟ್ಯಾಂಕಿನದು. ಬಳಕೆಯಿಲ್ಲದೆ ನಿಂತ ಟ್ಯಾಂಕನ್ನು ತೊಳೆದು, ಬಾವಿಯ ನೀರಿಗೆ ಪ್ರತಿ 1,000 ಲೀಟರಿಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪೌಡರ್ ಬೆರೆಸಿ, ಕನಿಷ್ಠ ಒಂದು ಗಂಟೆ ಬಿಟ್ಟ ಬಳಿಕವೇ ನೀರನ್ನು ಬಳಸಬೇಕು. ಹಂಚಿನ ಮಾಡು, ಮರದ ಪಕ್ಕಾಸು, ಶೌಚಾಲಯದ ಮೂಲೆಗಳಲ್ಲಿ ಹಾವು, ಕಣಜದ ಗೂಡು ಇವೆಯೇ ಎಂದು ಹಗಲಿನಲ್ಲೇ ನೋಡಿಕೊಳ್ಳಬೇಕು; ನಮ್ಮ ಕಡೆ ಮಳೆಗಾಲ ಕಳೆದ ಮೇಲೆ ಇದು ರೋಗದಷ್ಟೇ ನಿಜವಾದ ಅಪಾಯ.

ಮಕ್ಕಳನ್ನು ತಂಡಗಳಾಗಿ ವಿಂಗಡಿಸಿ ಬೇರೆ ಬೇರೆ ದಿನ ಕರೆಸಬೇಕು. ತಂಡ ಮಾಡುವಾಗ ಹಾಜರಿ ಪಟ್ಟಿಯ ಕ್ರಮಕ್ಕಿಂತ ಮನೆ ಮತ್ತು ವಾಹನ ನೋಡುವುದು ಮೇಲು: ಒಂದೇ ಜೀಪಿನಲ್ಲಿ ಬರುವ ಅಣ್ಣ ತಂಗಿಯರನ್ನು ಬೇರೆ ದಿನಗಳಿಗೆ ಹಾಕಿದರೆ ಪ್ರಯೋಜನವೇನು? ಕಿಟಕಿಗಳು ತೆರೆದಿರಲಿ, ಮಧ್ಯಾಹ್ನದೂಟ ಸರದಿಯಂತೆ ಜಗಲಿಯಲ್ಲಿ ನಡೆಯಲಿ.

ಪೋಷಕರ ಒಪ್ಪಿಗೆ ಪತ್ರವನ್ನು ಕನ್ನಡ, ಮಲಯಾಳ ಎರಡರಲ್ಲೂ ಕೊಡಬೇಕು. ಕರ್ನಾಟಕದಿಂದ ತಲಪಾಡಿ ಗಡಿ ದಾಟಿ ಬರುವ ಶಿಕ್ಷಕರಿದ್ದರೆ, ತಪಾಸಣೆಯ ನಿಯಮ ಹಠಾತ್ತನೆ ಬದಲಾದ ದಿನಕ್ಕೆಂದು ಬದಲಿ ಶಿಕ್ಷಕರನ್ನು ಮೊದಲೇ ಗೊತ್ತುಪಡಿಸಬೇಕು.

ಪಾಠವನ್ನು ಮಾತ್ರ ಅವಸರದಿಂದ ಆರಂಭಿಸಬಾರದು. ಮನೆಯಲ್ಲಿ ತುಳು, ಮಲಯಾಳ, ಕೊಂಕಣಿ ಆಡುವ ಮಗುವಿಗೆ ಕನ್ನಡ ಓದಿನ ಅಭ್ಯಾಸ ಬಹುಮಟ್ಟಿಗೆ ಶಾಲೆಯಲ್ಲೇ ಸಿಗುವುದರಿಂದ, ಮೊದಲ ಎರಡು ವಾರ ಗಟ್ಟಿಯಾಗಿ ಓದಿಸಿ, ಕಾಗುಣಿತ ಎಲ್ಲಿ ತಪ್ಪುತ್ತಿದೆಯೆಂದು ಗುರುತಿಸಿಕೊಂಡು, ಆಮೇಲಷ್ಟೇ ಪಠ್ಯಪುಸ್ತಕ ತೆರೆಯಬೇಕು.